ಟವೆಲ್ ಹಾಕಿದ ಸೀಟು

ನಮ್ಮಪ್ಪನಿಗೆ ಸೀಟು ಅಂದರೆ ಬಸ್ಸಿನ ಸೀಟು. ಹಳ್ಳಿ ಬಿಟ್ಟು ಮೈಸೂರಿನ ಹೂಟಗಳ್ಳಿಯ ಫ್ಯಾಕ್ಟರಿ ಸೇರಿ ಅರ್ಧ ಆಯುಸ್ಸು ಕಳೆದರೂ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆ ವಿದ್ಯೆಯನ್ನು ನನ್ನ ಕಾಲೇಜಿನ ಮೇಲೂ ಪ್ರಯೋಗಿಸಿದ.

ನನಗೆ ಫಿಸಿಯೊಥೆರಪಿ ಓದಬೇಕಿತ್ತು. ಅವ್ವನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಅವಳ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಮನೆಗೆ ಬಂದ ಮೇಲೆ ಆ ಕೆಲಸ ನನ್ನದಾಯಿತು. ಅಪ್ಪನದು ಶಿಫ್ಟ್ ಕೆಲಸ, ಬೇರೆ ಯಾರೂ ಇಲ್ಲ. ಹಾಗಾಗಿ ನನಗೆ ಬರೀ ಸೀಟು ಸಾಲದು, ಮೈಸೂರಿನಲ್ಲೇ ಬೇಕು. ಸಂಜೆ ಮನೆಗೆ ಬಂದು ಅವ್ವನ ಕೈ ಹಿಡಿಯಬೇಕು.

ಯೂನಿವರ್ಸಿಟಿ ಒಂದೇ, ಡಿಗ್ರಿ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಒಳಗೆ ಹೋಗುವ ಬಾಗಿಲು ಮಾತ್ರ ಕಾಲೇಜಿಗೊಂದು. ಮೈಸೂರಿನ ಕಾಲೇಜಿನ ಸರ್ಕಾರಿ ಸೀಟುಗಳು ಒಳ್ಳೆಯ ರ‍್ಯಾಂಕಿನವರಿಗೇ ಮುಗಿದುಹೋಗುತ್ತವೆ. ರಾಯಚೂರಿನ ಕಡೆಯ ಕಾಲೇಜಿನಲ್ಲಿ ತೀರಾ ಹಿಂದೆ ಉಳಿದವರಿಗೂ ಸಿಗುತ್ತದೆ. ನನ್ನ ರ‍್ಯಾಂಕು ಮೈಸೂರಿನ ಹೊಸ್ತಿಲ ಮೇಲೆ ನಿಂತಿತ್ತು. ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೆ ಇಲ್ಲ.

ಆಪ್ಷನ್ ಎಂಟ್ರಿ ಎಂದರೆ ನಮಗೆ ಬೇಕಾದ ಕಾಲೇಜುಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಹಾಕುವುದು. ಸರಸ್ವತಿಪುರಂನ ಸೈಬರ್ ಅಂಗಡಿಯಲ್ಲಿ ಅಪ್ಪ ನನ್ನ ಪಕ್ಕವೇ ಕೂತ.

“ರಾಯಚೂರಿಂದು ಮೊದ್ಲು ಹಾಕು ಮಗ. ಖಾಲಿ ಇರೋ ಬಸ್ಗೆ ಮೊದ್ಲು ಟವೆಲ್ ಹಾಕ್ಬೇಕು. ರಶ್ ಇರೋದ್ರ ಹಿಂದೆ ಓಡುದ್ರೆ ಎರಡೂ ಹೋಯ್ತವೆ.”

“ಅಪ್ಪಾ, ಇದು ಬಸ್ಸಲ್ಲ. ಮೈಸೂರು ಮೊದ್ಲು ಹಾಕುದ್ರೆ, ಅದು ಸಿಗ್ಲಿಲ್ಲ ಅಂದ್ರೂ ಕೆಳಗಿಂದು ನೋಡ್ತದೆ. ರಾಯಚೂರು ಮೇಲಾಕುದ್ರೆ ಅಲ್ಲೇ ಕೂರಿಸ್ಬುಡ್ತದೆ.”

“ಕೂರಿಸ್ಲಿ ಬುಡು. ಮೊದ್ಲು ಕೂತ್ಕೊ, ಯಾರಾದ್ರೂ ಇಳುದ್ರೆ ಮುಂದಿನ್ ಸೀಟ್ಗೆ ಹೋದ್ರಾಯ್ತು. ನಮ್ ಶಿಫ್ಟಲ್ಲಿ ಒಬ್ರ ಮಗಳು ದೊಡ್ಡದಕ್ಕೆ ಆಸೆ ಬಿದ್ದು ಮನೇಲಿ ಕೂತವ್ಳೆ. ನಿಂಗೂ ಅಂಗಾಗ್ಬಾರ್ದು ಕಣ್ಮಗ.”

ಅವನ ದನಿ ನಡುಗುತ್ತಿತ್ತು. ರೇಗುವ ಅಪ್ಪನಿಗೆ ಎದುರಾಡಿ ನನಗೆ ಅಭ್ಯಾಸವಿದೆ. ಹೆದರಿದ ಅಪ್ಪ ಹೇಳಿದಂತೆಯೇ ಹಾಕಿದೆ. ರಾಯಚೂರು ಮೇಲೆ, ಮೈಸೂರು ಕೆಳಗೆ.

ಮೊದಲ ಸುತ್ತಿನಲ್ಲೇ ಮೊಬೈಲಿಗೆ ಅಭಿನಂದನೆ ಬಂತು: ನಿಮ್ಮ ಮೊದಲ ಆಯ್ಕೆಯೇ ದೊರೆತಿದೆ. ಅಪ್ಪ ಅಕ್ಕಪಕ್ಕದವರಿಗೆಲ್ಲ ಸ್ವೀಟ್ ಹಂಚಿದ. ಮಾರನೆಯ ದಿನ ಗೊತ್ತಾಯಿತು, ನನಗಿಂತ ಹಿಂದಿನ ರ‍್ಯಾಂಕಿನವರಿಗೂ ಮೈಸೂರು ಸಿಕ್ಕಿತ್ತು.

ಬಾಗಿಲು ತೆರೆದೇ ಇತ್ತು, ನಾನೇ ಹೊರಗಿನಿಂದ ಚಿಲಕ ಹಾಕಿಕೊಂಡ ಹಾಗಾಯಿತು. ಸಹಾಯ ಕೇಂದ್ರಕ್ಕೆ ಓಡಿದೆವು. ಕೇಳಿದ್ದನ್ನೇ ಕೊಟ್ಟ ಮೇಲೆ ಎರಡನೇ ಸುತ್ತು ಇಲ್ಲವಂತೆ. ಸೇರಬೇಕು, ಇಲ್ಲವೇ ಬಿಡಬೇಕು. ಅಪ್ಪ ಕೈ ಮುಗಿದು, “ಒಂಚೂರು ಹಿಂದೆ ಮುಂದೆ ಮಾಡ್ಕೊಡಿ ಸಾ, ಮನೇಲಿ ಎಂಗ್ಸು ಮಲಗವ್ಳೆ” ಎಂದು ಬೇಡಿದ. ಕೌಂಟರಿನವರು ಪಾಪ, ಕಂಪ್ಯೂಟರಿನ ಕಡೆ ಕೈ ತೋರಿಸಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನ ಮುಖ ನೋಡುವ ಮನಸ್ಸೇ ಆಗಲಿಲ್ಲ.

ಸೀಟು ಬಿಡುತ್ತೇನೆ ಎಂದೆ. ಅವ್ವ ಸೊಟ್ಟ ಬಾಯಲ್ಲೇ “ಓಗು” ಎಂದಳು. ಬಿಡುತ್ತೇನೆ ಎಂದಾಗಲೆಲ್ಲ ಅದೊಂದೇ ಮಾತು.

ಕೊನೆಗೆ ಒಪ್ಪಿದೆ. ಹೊರಡುವ ದಿನದವರೆಗೆ ಅಪ್ಪನಿಗೆ ಅವ್ವನ ಕೈ ಹಿಡಿಯುವುದನ್ನು ಕಲಿಸಿದೆ. ಹೆಬ್ಬೆರಳಿನಿಂದ ಶುರು ಮಾಡಿ ಮೆಲ್ಲಗೆ ಬಿಡಿಸಬೇಕು. ಅವನು ಸ್ಪ್ಯಾನರ್ ಹಿಡಿದಂತೆ ಹಿಡಿಯುತ್ತಿದ್ದ, ಅವ್ವ ಹಲ್ಲು ಕಚ್ಚುತ್ತಿದ್ದಳು.

ರಾಯಚೂರಿನ ಬಸ್ಸು ಬಂದಾಗ ಟಿಕೆಟ್ ನನ್ನ ಕೈಯಲ್ಲಿತ್ತು, ಅದರಲ್ಲಿ ಸೀಟಿನ ನಂಬರೂ ಇತ್ತು. ಆದರೂ ಅಪ್ಪ ಓಡಿಹೋಗಿ ಕಿಟಕಿಯೊಳಕ್ಕೆ ಟವೆಲ್ ಎಸೆದ. ಬಸ್ಸು ಖಾಲಿಯಿತ್ತು. ಎಸೆದ ಮೇಲೆ ಅವನಿಗೇ ಏನನ್ನಿಸಿತೋ, ಕಿಟಕಿಯ ಕಂಬಿ ಹಿಡಿದು ನಿಂತುಬಿಟ್ಟ. ನಾನು ಒಳಗೆ ಕೂತು, “ತಗೊಳಪ್ಪ” ಎಂದು ಟವೆಲ್ ಚಾಚಿದೆ. ಅವನು ಕೈ ನೀಡಲಿಲ್ಲ.

“ನೀನೇ ಮಡಿಕ್ಕೊ ಮಗ,” ಎಂದ. ಬಸ್ಸು ಅಲುಗಿತು. ಜೊತೆಗೇ ನಡೆಯುತ್ತಾ ಗಾಬರಿಯಿಂದ ಕೇಳಿದ: “ನಿಮ್ಮವ್ವಂದು ಯಾವ್ ಬೆರಳಿಂದ ಶುರು ಮಾಡ್ಬೇಕು ಅಂದೆ? ಹೆಬ್ಬೆಟ್ಟೋ, ಕಿರುಬೆರಳೋ?”

ಕಿಟಕಿಯಾಚೆ ಕೈ ಚಾಚಿ ಹೆಬ್ಬೆರಳು ಎತ್ತಿ ತೋರಿಸಿದೆ.