ಅಂಬುಜಾಕ್ಷಮ್ಮನ ಒನ್ಸ್ ಮೋರ್

ನಾಟಕ ಕಂಪನಿಯಲ್ಲಿ ರಾಣಿ ಪಾರ್ಟು ಮಾಡುವ ಅಂಬುಜಾಕ್ಷಮ್ಮ ಹಾಸನದ ಗಂಗಾಧರಯ್ಯನ ಜವಳಿ ಅಂಗಡಿಯಲ್ಲಿ ಕೂತು ಸೀರೆ ನೋಡಿದ್ದನ್ನು ಯಾರೂ ಕಂಡಿಲ್ಲ. ನಿಂತೇ ಅರ್ಧ ಅಂಗಡಿ ಬಿಚ್ಚಿಸಿ, ಸೆರಗನ್ನು ಹೆಗಲಿಗೆಸೆದು, “ಕೊನೇ ಸಾಲಿನೋರ್ಗೂ ಈ ಜರಿ ಕಾಣ್ತದಾ, ಓಗಿ ನೋಡಿ ಅಯ್ನೋರೆ” ಎಂದು ಅಂಗಡಿಯವನನ್ನೇ ಬೀದಿಯಾಚೆಗೆ ಅಟ್ಟುತ್ತಾಳೆ. ಅವನು ಅಲ್ಲಿಂದ ಕೈ ಎತ್ತಿದರೆ ವ್ಯಾಪಾರ. ಹೊಳೆನರಸೀಪುರದಲ್ಲಿ ಕಂಪನಿಯ ಕ್ಯಾಂಪ್ ಇದ್ದರೆ ಅವಳ ಪಾಲಿಗೆ ಅರಕಲಗೂಡಿನ ಜನವೇ ರಸಿಕರು, ಅರಕಲಗೂಡಿನಲ್ಲಿದ್ದರೆ ಹೊಳೆನರಸೀಪುರದವರು. ಅವಳ ಟ್ರಂಕು ಯಾವ ಊರಲ್ಲೂ ಪೂರ್ತಿ ಖಾಲಿಯಾದದ್ದಿಲ್ಲ. ಜನ “ಒನ್ಸ್ ಮೋರ್” ಎಂದು ಕೂಗಿದಾಗ ಮಾತ್ರ ಅವಳ ಕಾಲು ನಿಲ್ಲುತ್ತದೆ. ಹಾಡಿ ಸತ್ತುಬಿದ್ದ ರಾಣಿ ಎದ್ದು, ಧೂಳು ಕೊಡವಿ, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಾಳೆ. ಮದರಾಸಿಗೆ ಹೋಗಿ ಒಂದು ಟಾಕಿಯಲ್ಲೂ ಹಾಗೇ ಸತ್ತು ಬಂದಳು. “ನಾಟ್ಕ ಸಾಕು ಕಣಯ್ನೋರೆ, ಇನ್ ಮದ್ರಾಸ್ನಾಗೇ ಇದ್ಬುಡ್ತೀನಿ” ಎಂದು ಸಾರಿದಳು. ಆ ಚಿತ್ರ ಚನ್ನರಾಯಪಟ್ಟಣದ ಟೆಂಟಿಗೆ ಬಂದಾಗ ಗಂಗಾಧರಯ್ಯನ ಸಂಸಾರದ ಜೊತೆ ನೋಡಲು ಹೋದವಳು ಅಲ್ಲೂ ಕೂರಲಿಲ್ಲ. ಕಂಬ ಹಿಡಿದು ನಿಂತಳು. ಹಾಡು ಮುಗಿದು ರಾಣಿ ಸತ್ತಳು. ನಾಟಕದ ರೂಢಿಯ ಜನ “ಒನ್ಸ್ ಮೋರ್” ಎಂದು ಬೆಂಚು ಬಡಿದರು. ಪರದೆಯವಳು ಅಲ್ಲಾಡಲಿಲ್ಲ. “ಏಳಮ್ಮೀ, ಜನ ಕೂಗ್ತಾವ್ರೆ, ಏಳು!” ಎಂದು ಅಂಬುಜಾಕ್ಷಮ್ಮ ಪರದೆಗೇ ಗದರಿದಳು. ಅಷ್ಟರಲ್ಲಿ ಪರದೆಯಲ್ಲಿ ರಾಣಿಯ ಚಿತೆ ಹತ್ತಿತು. ಆಗ ಅವಳೇ ಬೆಂಚುಗಳ ನಡುವೆ ಬಂದು, ಪರದೆಗೆ ಬೆನ್ನು ಹಾಕಿ, ಆ ಹಾಡನ್ನು ಮೊದಲಿಂದ ಹಾಡಿದಳು. ಹಿಂದೆ ಅವಳದೇ ಚಿತೆ ಉರಿಯುತ್ತಿದ್ದರೂ ಒಬ್ಬರೂ ಅತ್ತ ನೋಡಲಿಲ್ಲ. “ಕೊನೇ ಸಾಲಿಗೆ ಕೇಳಿಸ್ತಾ ಅಯ್ನೋರೆ?” ಎಂದಳು. ಗಂಗಾಧರಯ್ಯ ಕೈ ಎತ್ತಿದ. ಆ ಸಲ ಅವನಿಗೆ ವ್ಯಾಪಾರವೇನೂ ಇರಲಿಲ್ಲ.