ಬಂಕರಿಗೆ ಇಳಿಯದ ದೊಡ್ಡಪ್ಪ

ಹೋದ ವಾರ ಕಾಂಪೌಂಡಿಗೆಂದು ಕಲ್ಲಿದ್ದಲ ಬೂದಿಯಿಂದ ಮಾಡಿದ ಇಟ್ಟಿಗೆ ಇಳಿಸಿ ನೀರು ಹಾಯಿಸುತ್ತಿದ್ದರು. ನೆಂದ ಇಟ್ಟಿಗೆಯಿಂದ ಎದ್ದ ಆ ಕಮಟು ವಾಸನೆ… ಪಕ್ಕದ ಮನೆಯ ದೊಡ್ಡಪ್ಪನ ಹಳೆಯ ಖಾಕಿ ಅಂಗಿಗೂ ಅದೇ ವಾಸನೆಯಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ನೆಂಟಸ್ತಿಕೆಯ ದೊಡ್ಡಪ್ಪನಲ್ಲ. ಗುಂಡ್ಲುಪೇಟೆಯ ನಮ್ಮ ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಹರವೆ ಕಡೆಯವರು, ಉತ್ತರ ಕರ್ನಾಟಕದಲ್ಲೆಲ್ಲೋ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಸ್ಥಾವರದಲ್ಲಿ ದುಡಿದವರು. ಕಲ್ಲಿದ್ದಲು ಅರೆಯುವ ಮಿಲ್ಲುಗಳ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಕೆಲಸ ಬಿಟ್ಟು ಬಂದರು. ಯಾಕೆಂದು ಯಾರಿಗೂ ಹೇಳಲಿಲ್ಲ. "ಸಾಕಾಯ್ತು ಕಣಮ್ಮಿ" ಅಂದರು, ಅಷ್ಟೆ. ಅವರ ಹೆಂಡತಿ ದೊಡ್ಡಮ್ಮನಿಗೆ ಕೆಲಸ ಬಿಟ್ಟ ಸಿಟ್ಟು ಆರಲೇ ಇಲ್ಲ. ತಟ್ಟೆ ಇಡುವಾಗ, ನೀರು ಕೊಡುವಾಗ ಗೊಣಗುತ್ತಿದ್ದರು. ದೊಡ್ಡಪ್ಪನಿಗೆ ಕೇಳಿಸುತ್ತಿರಲಿಲ್ಲ… ಅಥವಾ ಕೇಳಿಸುತ್ತಿತ್ತೋ ಏನೋ.

ಒಂದು ಮಧ್ಯಾಹ್ನ ಆ ಸ್ಥಾವರದ ಕಡೆಯ ಹೆಂಗಸೊಬ್ಬರು ಚಾಮರಾಜನಗರದವರೆಗೆ ರೈಲಿನಲ್ಲಿ ಬಂದು, ಬಸ್ಸು ಹಿಡಿದು, ಮನೆ ಹುಡುಕಿಕೊಂಡು ಬಂದರು. ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದು ಅಲ್ಲೇ ತೀರಿಕೊಂಡವರ ಹೆಂಡತಿ. ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಬಂಕರಿನಲ್ಲಿ, ಅಂದರೆ ಮಿಲ್ಲಿನ ಮೇಲಿನ ದೊಡ್ಡ ಕಬ್ಬಿಣದ ಕಣಜದಲ್ಲಿ, ಅಂಟಿಕೊಂಡಿತ್ತಂತೆ. ಕೆಡವಲು ಇಳಿದ ಆಕೆಯ ಗಂಡನ ಮೇಲೆಯೇ ಅದು ಕುಸಿದಿತ್ತು.

ಆಕೆಯ ಮೆಲುದನಿ ದೊಡ್ಡಪ್ಪನಿಗೆ ಮುಟ್ಟಲಿಲ್ಲ. ದೊಡ್ಡಮ್ಮ ನನ್ನನ್ನು ಕರೆದರು. ಆಕೆ ಕೇಳಿದ್ದನ್ನು ನಾನು ಅವರ ಕಿವಿಯ ಹತ್ತಿರ ಕೂಗಬೇಕಾಯಿತು.

"ಇವ್ರ ಯಜಮಾನ್ರು ಕೊನೇಲಿ ಏನಾದ್ರೂ ಅಂದ್ರಾ ಅಂತ ಕೇಳ್ತಾವ್ರೆ, ದೊಡ್ಡಪ್ಪ."

ದೊಡ್ಡಪ್ಪ ಆಕೆಯ ಕಡೆ ತಿರುಗಿದರು.

"ಇಲ್ಲ ಕಣವ್ವ. ಕುಸುದ್ಮೇಲೆ ಸದ್ದೇ ಬರ್ನಿಲ್ಲ. ನಾನು ಕೈಲೇ ತೋಡ್ದೆ. ಆಮೇಕೆ ನನ್ನೂ ಅದ್ರೊಳಕ್ಕೆ ಇಳಿ ಅಂದ್ರು. ಆಗಕಿಲ್ಲ ಅಂದ್ಬುಟ್ಟು ಬಂದ್ಬುಟ್ಟೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ನೀವೊಬ್ಬರಾದ್ರೂ ತೋಡಿದ್ರಲ್ರೀ. ಸಾಕು" ಅಂದರು. ಅದನ್ನೂ ನಾನು ಕೂಗಿ ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೂ ಇದೆಲ್ಲ ಹೊಸದು. ಒಳಗೆ ಹೋಗಿ ಒಲೆ ಹಚ್ಚಿದರು. ಆಕೆಗೂ ತಮ್ಮ ಗಂಡನಿಗೂ ಬಡಿಸಿ, ಗಂಡನ ಪಕ್ಕದಲ್ಲೇ ಕುಳಿತರು. ಅಂದಿನಿಂದ ಬಿಟ್ಟ ಕೆಲಸದ ಮಾತನ್ನು ಅವರು ಎತ್ತಲಿಲ್ಲ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಮೊನ್ನೆ ಜಗಲಿಯಲ್ಲಿ ಕೂತಿದ್ದಾಗ ದೊಡ್ಡಮ್ಮ, "ಆಯಮ್ಮುಂಗೆ ಒಂದ್ಮಾತು ತಿಳುಸ್ಬೇಕಿತ್ತು ಕಣಮ್ಮಿ" ಅಂದರು. ಆಕೆಯದು ಯಾವ ಊರೆಂದು ನಾವಿಬ್ಬರೂ ಅವತ್ತು ಕೇಳಿರಲಿಲ್ಲ. ಗೊತ್ತಿದ್ದವರು ದೊಡ್ಡಪ್ಪ ಒಬ್ಬರೇ… ಆಕೆ ಎಲ್ಲೋ ಕೂತು, ಅವರು ಇನ್ನೂ ಇದ್ದಾರೆಂದೇ ತಿಳಿದುಕೊಂಡಿರಬಹುದು.