ಕೌದಿಯ ಒಳಪದರ

ಅವ್ವ ನೆದರ್ಲೆಂಡ್ಸಿನ ವೆಲ್ಡ್‌ಹೋವನ್ನಿಗೆ ಬಂದಾಗ ತಂದ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಕೌದಿಯೇ ಇತ್ತು. ಅಂಟಿನುಂಡಿ, ಒಣಕೊಬ್ಬರಿ, ಅಜವಾನ, ಕೂಸಿಗೆಂದು ಒಗೆದು ಮಡಚಿದ ಹಳೆಯ ಮೆತ್ತನೆ ಬಟ್ಟೆ ಎಲ್ಲವನ್ನೂ ಇನ್ನೊಂದರಲ್ಲಿ ತುರುಕಿದ್ದಳು. ನಾನು ಆಗ ಎಂಟು ತಿಂಗಳ ಬಸುರಿ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರುವಾಗ ನನ್ನ ಗಂಡ, “ಅತ್ತೆ, ಇಲ್ಲಿ ಮನೆಯೊಳಗೆ ಚಳಿನೇ ಆಗಲ್ಲ, ಹೀಟಿಂಗ್ ಇದೆ. ಇಷ್ಟು ಭಾರ ಯಾಕೆ ಹೊತ್ಕೊಂಡು ಬಂದ್ರಿ?” ಎಂದು ಕೇಳಿದ. ಅವನು ಮೈಸೂರಿನವನು. ಕೌದಿ ಎಂದರೆ ಹಳೆ ಬಟ್ಟೆಯ ಹೊದಿಕೆ ಎಂದಷ್ಟೇ ಅವನಿಗೆ ಗೊತ್ತು.

“ಚಳಿಗಲ್ರೀ ಅದು,” ಎಂದಳು ಅವ್ವ. “ನಮ್ಮ ಮನಿ ಹೆಣ್ಮಕ್ಕಳ ಬಾಣಂತನ ಅದರ ಮ್ಯಾಲೆನ ಆಗೋದು.”

ಅದನ್ನು ಮೊದಲು ಹೊಲಿದವಳು ಅವ್ವನ ಅಜ್ಜಿ. ಗದಗದ ಹತ್ತಿರದ ಊರಿನಲ್ಲಿ, ಮಗಳ ಚೊಚ್ಚಲ ಹೆರಿಗೆಗೆಂದು, ಗಂಡನ ಹರಿದ ಧೋತರವನ್ನೂ ತನ್ನ ಎರಡು ಸೀರೆಗಳನ್ನೂ ನೆಲದ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದಳಂತೆ. ಕೊನೆಯ ಹೊಲಿಗೆಗೆ ಮುಂಚೆ ಚೂರು ಹೋಳಿಗೆಯನ್ನೂ ಒಳಗಿಟ್ಟಳಂತೆ, ಕೌದಿ ಹಸಿದಿರಬಾರದೆಂದು. ಮುಂದೆ ಬಟ್ಟೆ ಸವೆದಾಗ ನನ್ನ ಅಜ್ಜಿ ತನ್ನ ಸೀರೆಯದೊಂದು ಪದರ ಕೂಡಿಸಿದಳು. ಅದರ ಮೇಲೆ ಅವ್ವ ತನ್ನ ಇಳಕಲ್ ಸೀರೆಯ ಪದರ ಕೂಡಿಸಿದಳು. ಹಳೆಯದನ್ನು ಯಾರೂ ಕೀಳಲಿಲ್ಲ, ಕತ್ತರಿಸಲಿಲ್ಲ. ಹಾಗಾಗಿಯೇ ಅದಕ್ಕೆ ಆ ಭಾರ. ನನ್ನನ್ನೂ ನನ್ನ ತಮ್ಮನನ್ನೂ ಅದರ ಮೇಲೆಯೇ ಮಲಗಿಸಿದ್ದರು. ಕೌದಿಯ ಕತೆ ಇಷ್ಟೇ ಎಂದು ನಾನು ಅಂದುಕೊಂಡಿದ್ದೆ.

ಅವ್ವ ಬಂದು ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಕೂಸು ಮಿಸುಕಲಿಲ್ಲ. ತಣ್ಣನೆಯ ಹಣ್ಣಿನ ರಸ ಕುಡಿದೆ, ಎಡಮಗ್ಗುಲಿಗೆ ಮಲಗಿದೆ, ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಹತ್ತು ಗಂಟೆಗೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡುತ್ತಿದ್ದಳು. ಎದೆಬಡಿತಕ್ಕೆ ಡಚ್ಚಿನಲ್ಲಿ ಏನನ್ನುತ್ತಾರೆಂದು ಭಾಷೆಯ ಕ್ಲಾಸಿನಲ್ಲಿ ಕಲಿತಿದ್ದೆ. ಅವಳು ಆ ಪದ ಆಡಿದಳು. ಅದಕ್ಕೂ ಮುಂಚೆ ‘ಇಲ್ಲ’ ಎಂಬ ಪದ ಆಡಿದ್ದಳು. ಗಂಡ ನನ್ನ ಕೈ ಹಿಡಿದು, “ಏನಂದ್ರು? ಏನಂದ್ರು?” ಎಂದು ನನ್ನನ್ನೇ ಕೇಳುತ್ತಿದ್ದ.

ಎರಡು ದಿನದ ಮೇಲೆ ಹೆರಿಗೆಯಾಯಿತು. ಹೆಣ್ಣು. ತಲೆತುಂಬ ಕೂದಲು. ಕೆಳತುಟಿ ನನ್ನ ಗಂಡನದೇ.

ನರ್ಸು ಮಂಚದ ಪಕ್ಕ ಕುಳಿತು, ಕೂಸನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದಳು. ತೊಟ್ಟಿಲಲ್ಲಿ ಹಾಸಲು ತಣ್ಣಗಿರುವ ಹಾಸಿಗೆ ಕೊಡುತ್ತೇವೆ, ಮಣ್ಣು ಮಾಡುವ ತನಕ ನಾಲ್ಕೈದು ದಿನ ನಿಮ್ಮ ಬಳಿಯೇ ಇರಲಿ, ಇಲ್ಲಿ ತುಂಬ ಜನ ಹಾಗೆ ಮಾಡುತ್ತಾರೆ ಎಂದಳು. ನಾನು ತಲೆಯಾಡಿಸಿದೆ. ಅವಳನ್ನು ಬಿಟ್ಟು ಬರುವುದು ನನ್ನಿಂದಾಗುತ್ತಿರಲಿಲ್ಲ.

ಕೂಸನ್ನು ಮನೆಗೆ ತಂದಾಗ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. “ಹೆಣಾ ಮನ್ಯಾಗ ಇಟ್ಕೊಂಡು ಕೂಡ್ತಾರೇನು? ಎಂಥಾ ಮಂದಿ ಇವರು! ಲಗೂನ ಮಣ್ಣು ಮಾಡಬೇಕು. ನೋಡ್ಕೋತ ಕುಂತ್ರ ಹೊಟ್ಟಿ ಇನ್ನಷ್ಟ ಸುಡತೈತಿ.”

“ಅವ್ವಾ, ಹೆಣ ಅನಬ್ಯಾಡ,” ಎಂದೆ.

ಅವಳು ಅಡುಗೆಮನೆ ಸೇರಿದಳು. ಆ ದಿನವೆಲ್ಲ ಅಲ್ಲಿಂದ ಆಚೆ ಬರಲಿಲ್ಲ. ತೊಟ್ಟಿಲಿದ್ದ ಕೋಣೆಯ ಮುಂದೆ ಹಾಯುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿತ್ತು. ಎದೆಯ ಮೇಲಿಟ್ಟುಕೊಳ್ಳಲು ಕೋಸಿನ ಎಲೆಯನ್ನು ತಣ್ಣಗೆ ಮಾಡಿ ತಂದು ಕೈಗೆ ಕೊಟ್ಟು ಹೋಗಿಬಿಟ್ಟಳು.

ಇಲ್ಲಿ ಬಾಣಂತಿಯನ್ನು ನೋಡಿಕೊಳ್ಳಲು ಮನೆಗೇ ಒಬ್ಬ ನರ್ಸು ಬರುತ್ತಾಳೆ. ಕೂಸು ಬದುಕಿಲ್ಲದಿದ್ದರೂ ಬರುತ್ತಾಳೆ. ಮರುದಿನ ಬಂದವಳಿಗೆ ಅವ್ವನಷ್ಟೇ ವಯಸ್ಸು. ಅವಳು ಕೂಸಿನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂದಲನ್ನು ಒಂದು ಕಡೆಗೆ ಬಾಚಿ, ಕೂಸಿನೊಂದಿಗೆ ಮೆಲ್ಲಗೆ ಡಚ್ಚಿನಲ್ಲಿ ಮಾತಾಡುತ್ತಿದ್ದಳು. ಅವ್ವ ಅದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದದ್ದು ನನಗೆ ಕಂಡಿತು. ನರ್ಸಿಗೂ ಕಂಡಿರಬೇಕು. ಅವಳು ಎದ್ದು ಹೋಗಿ ಅವ್ವನ ಮೊಣಕೈ ಹಿಡಿದು ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ತೊಡೆಯ ಮೇಲಿಟ್ಟಳು. ಅವ್ವನಿಗೆ ಬೇಡ ಎನ್ನಲು ಅವಳ ಭಾಷೆ ಬರುತ್ತಿರಲಿಲ್ಲ.

ಬಹಳ ಹೊತ್ತು ಅವ್ವನ ಕೈಗಳು ಗಾಳಿಯಲ್ಲೇ ಇದ್ದವು. ಆಮೇಲೆ ಒಂದು ಬೆರಳಿನಿಂದ ಕೂಸಿನ ಕಿವಿ ಮುಟ್ಟಿದಳು. ಮೂಗು ಮುಟ್ಟಿದಳು. “ಎಷ್ಟ ತಣ್ಣಗದಾಳ,” ಎಂದಳು. ಮತ್ತೆ ನನ್ನ ಕಡೆ ನೋಡದೆ, “ಕೌದಿ ತಗೊಂಡ್ ಬಾ. ಕತ್ತರೀನೂ ತಗೊಂಡ್ ಬಾ,” ಎಂದಳು.

“ಅವ್ವಾ, ಕೌದಿ ಕತ್ತರಸಬ್ಯಾಡ. ನಿಮ್ಮ ಅಜ್ಜಿದು ಅದು.”

“ನನಗ ಗೊತ್ತೈತಿ ಯಾರದು ಅಂತ.”

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಕೌದಿಯನ್ನು ನೆಲದ ಮೇಲೆ ಹಾಸಿ ಒಂದು ಮೂಲೆ ಹಿಡಿದು ಹೊಲಿಗೆ ಬಿಚ್ಚತೊಡಗಿದಳು. ತನ್ನದೇ ಹೊಲಿಗೆ. ಎಲ್ಲಿ ಕತ್ತರಿ ಹಾಕಬೇಕೆಂದು ಹುಡುಕಲಿಲ್ಲ. ಇಳಕಲ್ ಪದರ ಮೇಲೆದ್ದಿತು. ಕೆಳಗೆ ಕೈ ಹಾಕಿ ಹಳದಿ ಬಟ್ಟೆಯೊಂದನ್ನು ಎಳೆದಳು. ಖಣದ ಕುಂಚಿಗೆ, ತಲೆಯಿಂದ ಬೆನ್ನಿನ ತನಕ ಇಳಿಬೀಳುವ ಕೂಸಿನ ಟೊಪ್ಪಿಗೆ. ಮಡಿಕೆಯ ಗೆರೆಗಳನ್ನು ಬಿಟ್ಟರೆ ಹೊಸದರಂತೆಯೇ ಇತ್ತು.

“ಇದು ನಿಮ್ಮಣ್ಣಂದು,” ಎಂದಳು.

“ಯಾವ ಅಣ್ಣಾ?” ನನಗಿರುವವನು ತಮ್ಮನೊಬ್ಬನೇ.

“ನಿನಗಿಂತ ಮೊದಲ ಒಂದ ಗಂಡು ಹುಟ್ಟಿತ್ತು. ಅಳಲೇ ಇಲ್ಲ ಅದು. ನನಗ ಮುಖಾನೂ ತೋರಸ್ಲಿಲ್ಲ. ನೋಡಿದ್ರ ಮುಂದಿಂದಕ್ಕ ಕೆಟ್ಟ ಆಗತೈತಿ ಅಂದ್ರು. ನಿಮ್ಮಪ್ಪ ಬಟ್ಟ್ಯಾಗ ಸುತ್ಕೊಂಡು ಹೊಂಟಿದ್ರು. ನನಗ ಅವರ ಬೆನ್ನಷ್ಟ ಕಂಡಿತು.”

ಕುಂಚಿಗೆಯನ್ನು ಮೊಣಕಾಲ ಮೇಲಿಟ್ಟು ಸವರಿ ಸವರಿ ಮಡಿಕೆ ಬಿಡಿಸುತ್ತಿದ್ದಳು. “ನಮ್ಮವ್ವ ಹೊಲದಿದ್ದು. ಗೂಟಕ್ಕ ಹಾಕಿತ್ತು. ಸುಟ್ಟಬಿಡು ಅಂದ್ರು, ನಾ ಸುಡಲಿಲ್ಲ. ನೀ ಹುಟ್ಟೂಮುಂದ ಕೌದಿಗೆ ನನ್ನ ಸೀರಿ ಕೂಡಸಿದ್ನೆಲ್ಲ, ಆವಾಗ ಒಳಗಿಟ್ಟು ಹೊಲದಬಿಟ್ಟೆ. ನಿಮ್ಮಪ್ಪಗೂ ಗೊತ್ತಿಲ್ಲ.”

“ಅದರ ಮ್ಯಾಲೆ ನನ್ನ ಮಲಗಸ್ತಿದ್ಯಾ?”

“ಇಬ್ಬರೂ ಕೂಡೇ ಮಲಗೀರಿ ಅನ್ಕೋತಿದ್ದೆ.”

ನನಗೆ ಆಗ ಬಂದ ಅಳು ಮಗಳಿಗಾಗಿಯೋ ಅವ್ವನಿಗಾಗಿಯೋ ಈಗಲೂ ಹೇಳಲಾರೆ. ನರ್ಸಿಗೆ ಒಂದು ಮಾತೂ ತಿಳಿದಿರಲಿಲ್ಲ. ಅವಳು ನೆಲದ ಮೇಲೆ ಅವ್ವನ ಪಕ್ಕ ಕುಳಿತು ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು, ಅವ್ವನಿಗೆ ಕತ್ತರಿಸಲು ಸುಲಭವಾಗಲೆಂದು. ಐದು ಪದರ ಒಟ್ಟಿಗೆ ಸುಲಭಕ್ಕೆ ತುಂಡಾಗಲಿಲ್ಲ. ನನ್ನ ಗಂಡ ಬಂದು ಕತ್ತರಿ ತೆಗೆದುಕೊಂಡು ಉಳಿದದ್ದನ್ನು ಕತ್ತರಿಸಿದ.

ಅಂದಿನಿಂದ ಮೂರು ದಿನ ಅವ್ವ ತೊಟ್ಟಿಲು ಬಿಟ್ಟು ಏಳಲಿಲ್ಲ. ಕುಂಚಿಗೆ ತೊಡಿಸಿದಳು, ಕೌದಿಯ ತುಂಡನ್ನು ಹೊದಿಸಿದಳು, ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟಳು, ಸೋದರಮಾವ ಎಂಥವನೆಂದು ಕೂಸಿಗೆ ಹೇಳಿದಳು. ಆ ಮಗನ ಮುಖವನ್ನೇ ಅವ್ವ ಕಂಡಿರಲಿಲ್ಲ. ಆದರೂ ಹೇಳಿದಳು.

ಐದನೆಯ ದಿನ ಮಕ್ಕಳಿಗೆಂದೇ ಬೇರೆ ಮಾಡಿದ ಸ್ಮಶಾನದ ಭಾಗದಲ್ಲಿ ಮಣ್ಣು ಮಾಡಿದೆವು. ಸುತ್ತಲಿನ ಪುಟ್ಟ ಸಮಾಧಿಗಳ ಮೇಲೆ ಬಣ್ಣದ ಗಿರಗಿಟ್ಟಲೆಗಳು ಗಾಳಿಗೆ ತಿರುಗುತ್ತಿದ್ದವು. ಗಂಡ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ನಡೆದ. ಹಿಂದೆ ಬರುತ್ತಿದ್ದ ಅವ್ವ, “ಅವಸರ ಮಾಡಬ್ಯಾಡ್ರಿ, ಸಾವಕಾಶ ನಡೀರಿ,” ಎನ್ನುತ್ತಲೇ ಇದ್ದಳು.

ಕೂಸಿನ ಹೆಸರು ಬರೆಸಲು ನಗರಸಭೆಯ ಕಚೇರಿಗೆ ಹೋದಾಗ ಅವ್ವನೂ ಬಂದಳು. ಅಲ್ಲಿಯವಳು ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದು, ಕಾಗದ ಕೊಟ್ಟಳು. ಹೊರಗೆ ಬಂದ ಮೇಲೆ ಅವ್ವ ಅಳಿಯನನ್ನು ಕೇಳಿದಳು: “ನನ್ನ ಕೂಸಿಂದೂ ಬರೀತಾರೇನ್ರಿ ಇಲ್ಲಿ?”

ಅವನು ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. “ಇಲ್ಲ ಅತ್ತೆ. ಇಲ್ಲಿ ಇರೋರ ಮಕ್ಕಳದ್ದು ಮಾತ್ರ.”

“ಇರಲಿ ಬಿಡ್ರಿ. ಹೆಸರ ಇಟ್ಟಿಲ್ಲ ಅವಗ.”

ವೀಸಾ ಮುಗಿದು ಅವ್ವ ಹೊರಟಳು. ಕೌದಿಯನ್ನು ನನಗೇ ಬಿಟ್ಟಳು. ಕತ್ತರಿಸಿದ ಮೂಲೆಗೆ ತೇಪೆ ಹಾಕಲೇ ಎಂದು ಕೇಳಿದ್ದಕ್ಕೆ, ಎಳೆ ಬಿಚ್ಚದಂತೆ ಅಂಚು ಹೊಲಿ, ಸಾಕು ಎಂದಳು. ಅಷ್ಟು ಮಾಡಿದ್ದೇನೆ. ನನ್ನ ಸೀರೆಯ ಪದರವನ್ನು ಅದಕ್ಕೆ ಎಂದಾದರೂ ಕೂಡಿಸುತ್ತೇನೋ ಇಲ್ಲವೋ ತಿಳಿಯದು.

ಅಪ್ಪ ಅವ್ವ ಈಗ ಹುಬ್ಬಳ್ಳಿಯಲ್ಲಿ ತಮ್ಮನ ಜೊತೆ ಇದ್ದಾರೆ. ಅಪ್ಪ ಶಾಲಾ ಮಾಸ್ತರರಾಗಿ ನಿವೃತ್ತರಾದವರು, ಮಾತು ಕಡಿಮೆ. ಅವ್ವ ಹೋದ ಎರಡು ತಿಂಗಳಿಗೆ, ಒಂದು ಭಾನುವಾರ ಫೋನ್ ಮಾಡಿದಳು. ಧ್ವನಿ ಸಣ್ಣಗಿತ್ತು.

“ನಿಮ್ಮಪ್ಪನ್ನ ಕೇಳಿದೆ, ಎಲ್ಲಿ ಇಟ್ರಿ ನನ್ನ ಕೂಸಿನ್ನ ಅಂತ. ಮರುದಿನ ಮುಂಜಾನೆದ್ದು ಅಂಗಿ ಹಾಕ್ಕೊಂಡು, ನಡಿ ಅಂದ್ರು. ಬಸ್ ಹತ್ತಿ ಊರಿಗೆ ಹೋದ್ವಿ.”

“ಸಿಕ್ತೇನವ್ವಾ?”

“ಹಳ್ಳದ ದಂಡಿಮ್ಯಾಲೆ ಜಾಲಿ ಗಿಡದ ಬುಡಕ ಅಂದ್ರು. ಈಗ ಅಲ್ಲಿ ದೊಡ್ಡ ರಸ್ತಾ ಆಗೈತಿ. ಗಿಡಾನೂ ಇಲ್ಲ, ದಂಡೀನೂ ಇಲ್ಲ. ಇಲ್ಲಿ ಅಂತ ತೋರಿಸಿದ್ರು, ಆಮ್ಯಾಲೆ ಅಲ್ಲಿ ಅಂತ ತೋರಿಸಿದ್ರು. ಹಿಂದ ಮುಂದ ನಡದಾಡಿದ್ರು. ಕಡೀಕ ರಸ್ತಾದ ಬಾಜೂಕ ಕುಂತು ಮುಖಾ ಮುಚ್ಕೊಂಡು ಅತ್ತರು. ವರ್ಷಕ್ಕೊಮ್ಮೆ ಬಂದು ನೋಡ್ತಿದ್ರಂತ, ನನಗ ಹೇಳ್ದಂಗ. ರಸ್ತಾ ಆದಮ್ಯಾಲೆ ಬರೋದ ಬಿಟ್ರಂತ.”

ಆ ಕಡೆ ಅವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಇರಲಿ ಬಿಡ್ರಿ ಅಂದೆ. ಇಬ್ಬರೂ ಒಂದೀಟ ಹೊತ್ತು ಅಲ್ಲೇ ಕುಂತು, ಮಧ್ಯಾಹ್ನದ ಬಸ್ಸಿಗೆ ಹೊಳ್ಳಿ ಬಂದ್ವಿ.”